ಗೂಟಕ್ಕೆ ತೂಗುಹಾಕಿದ ಬಿಲ್ಲೆ

ಕಸಬರಿಗೆಯ ಏಟು ಬೀಳುವಾಗ ಸಾಹೇಬರ ಜವಾನ, ಪಟ್ಟೇವಾಲಾ ಬಂದಗಿಸಾಬನ ಹಿತ್ತಾಳೆಯ ಸರಕಾರಿ ಬಿಲ್ಲೆ ಎಲ್ಲಿತ್ತು ಎಂಬ ಘನಗಂಭೀರ ಪ್ರಶ್ನೆಗಾಗಿ ತಾಲೂಕು ಕೋರ್ಟು ಅಂದು ಕೂಡಿತ್ತು. ಕೆಲಸದ ಮೇಲಿದ್ದ ಸರಕಾರಿ ನೌಕರನನ್ನು ಹೊಡೆದರೆ ಜೈಲು.

“ಹೊಡಿಯೂ ಮೊದಲ ನಾನ ಅದನ್ನ ಬಿಚ್ಚಿ ಗೂಟಕ್ಕ ತೂಗಹಾಕೇನ್ರಿ,” ಎಂದಳು ಕಟಕಟೆಯಲ್ಲಿದ್ದ ದೇವಣಗಾಂವದ ಖಾತುನಬಿ. “ಸರಕಾರಕ್ಕ ಒಂದ ಏಟೂ ತಾಗಿಲ್ರಿ. ಹೊಡದದ್ದು ಬರೇ ಬಂದಗೀನ್ನ!” ಕೋರ್ಟು ನಕ್ಕಿತು. ಅವಳ ಮೈ ಉರಿಯಿತು. ಕಾವಿಗೆ ಕೂತಿದ್ದ ಅವಳ ಕೋಳಿಯನ್ನು ಬಂದಗಿಸಾಬ ಎಳೆದೊಯ್ದಾಗ, ಮರುದಿನ ಹುಂಜಕ್ಕೂ ಬಂದು ಕೈಹಾಕಿದಾಗ, ಇವರ್ಯಾರೂ ನಕ್ಕಿರಲಿಲ್ಲ.

“ಬಿಲ್ಲೆ ಬಿಚ್ಚಿದರೂ ನೌಕರ ನೌಕರನೇ,” ಎಂದರು ನ್ಯಾಯಾಧೀಶರು. ಅವರು ಬಂದಗಿಸಾಬನ ಕಡೆ ತಿರುಗಿದರು. “ಆದರೆ ಕೋಳಿ ಹಿಡಿಯುವುದು ಯಾವ ಸರಕಾರಿ ಕೆಲಸವಪ್ಪಾ?” ಬಂದಗಿಸಾಬ ಮುಂದಿನ ಬೆಂಚಿನಲ್ಲಿದ್ದ ತನ್ನ ಸಾಹೇಬರನ್ನು ನೋಡಿದ. ಆ ಎರಡೂ ದಿನ ದೇವಣಗಾಂವದಲ್ಲಿ ಮುಕ್ಕಾಂ ಮಾಡಿ ಉಳಿದಿದ್ದವರು ಅವರೇ.

“ಹೇಳೋ ಬಂದಗಿ! ಯಾರ ತಾಟಿಗೆ ಒಯ್ದಿ, ಬಾಯಿಬಿಟ್ಟು ಹೇಳು!” ಎಂದು ಖಾತುನಬಿ ಚೀರಿದಳು. ಸಾಹೇಬರು ಕರವಸ್ತ್ರ ತೆಗೆದು ಮೆಲ್ಲಗೆ ಬಾಯಿ ಒರೆಸಿಕೊಂಡರು.

“ಸರಕಾರಿ ಕೆಲಸ ಅಲ್ರೀ,” ಎಂದ ಬಂದಗಿಸಾಬ, ನೆಲ ನೋಡುತ್ತ. “ನನಗ ತಿನ್ನಾಕ ಒಯ್ದಿದ್ದೆರಿ.”

ಖಾತುನಬಿ ಬಿಡುಗಡೆಯಾದಳು. ಕೋಳಿ ಕದ್ದದ್ದಕ್ಕೆ ಬಂದಗಿಸಾಬ ಜೈಲಿಗೆ ಹೋದ.