ಪೇಟಿ ನಿಂತ ಮೇಲೆ

ದಶರಥ ಗಂಜಿಯ ಬಟ್ಟಲನ್ನು ಅಂಗಳಕ್ಕೆ ಎಸೆಯುವುದಕ್ಕೂ ತಿಂಗಳಿಗೊಮ್ಮೆ ಬರುವ ನರ್ಸ್ ಪೂನಮ ಹೊಸ್ತಿಲ ಬಳಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಒಳಗೆ ಹಾಸಿಗೆಯಲ್ಲಿ ಒರಗಿ ಕೂತಿದ್ದ ಹೆಂಡತಿ ಸುಂದರಾಳ ಗದ್ದದಿಂದ ಗಂಜಿ ಇಳಿಯುತ್ತಿತ್ತು. ಅವಳು ತಂಬಾಕಿನ ಹೊಲದಲ್ಲಿ ಕುಸಿದುಬಿದ್ದು, ಲಕ್ವಾ ಎಂದು ಗೊತ್ತಾಗಿ ಹನ್ನೊಂದು ತಿಂಗಳು. ಬಲಗೈ, ಬಲಗಾಲು ಹೋಗಿದ್ದವು, ಮಾತು ಅರ್ಧ ಉಳಿದಿತ್ತು. ಅಂದಿನಿಂದ ಒಂದು ದಿನವೂ ಅವಳ ತಲೆ ಬಾಚದೆ ಬಿಟ್ಟವನಲ್ಲ ದಶರಥ. ಆದರೆ ಈಗ, ಐದನೇ ಚಮಚವನ್ನೂ ಅವಳು ಉಗುಳಿದಾಗ, ಕೈ ಅವನ ಮಾತು ಕೇಳಿರಲಿಲ್ಲ.

ಪೂನಮ ಬಟ್ಟಲನ್ನು ಹೆಕ್ಕಿ ತಂದು ಒಳಗಿಟ್ಟಳು. ಸುಂದರಾಳ ಬಾಯಿ ಒರೆಸಿ, ಬಿ.ಪಿ. ನೋಡಿ ಬರೆದುಕೊಂಡಳು. ಆಮೇಲೆ ಅದೇ ಬಿ.ಪಿ. ಪಟ್ಟಿಯನ್ನು ದಶರಥನ ತೋಳಿಗೆ ಸುತ್ತಿದಳು.

"ನನಗ್ಯಾಕವ್ವಾ? ಪೇಶಂಟ್ ಅಕಿ."

"ನೂರಾ ಎಂಬತ್ತು ಐತಿ ಕಾಕಾ. ಈ ಮನ್ಯಾಗ ಪೇಶಂಟ್ ಇಬ್ಬರು ಅದೀರಿ." ಪೂನಮ ಪಟ್ಟಿ ಬಿಚ್ಚಿದಳು. "ನಾಳೆ ಮುಂಜಾನೆ ದವಾಖಾನಿಗೆ ಬರ್ರಿ, ಡಾಕ್ಟರು ಗುಳಗಿ ಕೊಡ್ತಾರ. ಆದ್ರ ಗುಳಗಿ ಒಂದರಿಂದ ಆಗೂದಿಲ್ಲ. ದಿನಾ ಒಂದು ತಾಸು ನಿಮ್ಮದು ಅಂತ ಇರಬೇಕು. ಯಾವುದು ಮಾಡಿದ್ರ ಮನಸಿಗೆ ಹಗರ ಅನಸ್ತೈತಿ?"

ಉತ್ತರ ಹಾಸಿಗೆಯಿಂದ ಬಂತು.

"ಪೇ...ಟಿ."

ಓಣಿಯ ಭಜನಾ ಮಂಡಳದಲ್ಲಿ ಇಪ್ಪತ್ತು ವರ್ಷ ಹಾರ್ಮೋನಿಯಂ ಬಾರಿಸಿದವನು ಅವನು. ಈಗ ಆ ಪೇಟಿ ಟ್ರಂಕಿನ ಹಿಂದೆ ಗೋಣಿಚೀಲ ಹೊದ್ದು ಕೂತಿತ್ತು.

"ಹೆಂಡ್ತಿ ಹಾಸಿಗಿ ಹಿಡದಾಗ ಪೇಟಿ ಬಾರಸಾಕತ್ತಾನ ಅಂತ ಮಂದಿ ನಗೂದಿಲ್ಲೇನವ್ವಾ?"

"ಆ ಮಂದಿ ಬಂದು ಕಾಕೂಗ ಒಂದ ಹೊತ್ತು ಉಣಸ್ತಾರೇನ್ರಿ?" ಪೂನಮ ಚೀಲ ಹೆಗಲಿಗೇರಿಸಿದಳು. "ಬಾರಿಸಿದ ಮ್ಯಾಲ ಅಂಗಾತ ಮಲಗ್ರಿ. ಕಾಲಿನ ಬೆರಳಿಂದ ಸುರು ಮಾಡಿ ಒಂದೊಂದ ಅಂಗ ಸಡಲ ಬಿಡ್ರಿ. ಉಸಿರು ಸಾವಕಾಶ ಎಳ್ಕೊಂಡು, ಸಾವಕಾಶ ಬಿಡ್ರಿ. ಅಷ್ಟ."

ಮರುದಿನ ದವಾಖಾನೆಗೆ ಹೋಗಿ ಗುಳಿಗೆ ತಂದ. ಮಧ್ಯಾಹ್ನ ಮೂರಕ್ಕೆ ಸುಂದರಾಳ ಎಡಗೈಯ ಹತ್ತಿರ ಎತ್ತಿನ ಕೊರಳಿನ ಪುಟ್ಟ ಗಂಟೆಯೊಂದನ್ನಿಟ್ಟು, "ಏನರ ಬೇಕಾದ್ರ ಅಲ್ಲಾಡಿಸು, ಓಡಿ ಬರ್ತೀನಿ" ಎಂದು ಹೇಳಿ ಪೇಟಿಯನ್ನು ಹಿತ್ತಿಲ ಕೊಟ್ಟಿಗೆಗೆ ಒಯ್ದ. ಎರಡು ಸ್ವರ ಮೂಕಾಗಿದ್ದವು. ಬೆರಳುಗಳು ಮೊದಮೊದಲು ದಾರಿ ತಪ್ಪಿದವು. ಆಮೇಲೆ ಯಾವಾಗಲೋ ಹಳೆಯ ಧಾಟಿಯೊಂದು ತಾನಾಗಿ ಕೈಗೆ ಬಂತು, ಅದರ ಹಿಂದೆ ಇನ್ನೊಂದು. ನಿಲ್ಲಿಸಿದಾಗ ಭುಜಗಳು ಕೆಳಗಿಳಿದದ್ದು ಗೊತ್ತಾಯಿತು. ಇಷ್ಟು ತಿಂಗಳು ಅವುಗಳನ್ನು ಕಿವಿಯವರೆಗೆ ಎತ್ತಿಕೊಂಡೇ ತಿರುಗುತ್ತಿದ್ದೆನಲ್ಲ ಎನಿಸಿತು. ಪೂನಮ ಹೇಳಿದಂತೆ ಗೋಣಿಯ ಮೇಲೆ ಅಂಗಾತ ಮಲಗಿ ಬೆರಳು ಸಡಿಲ ಬಿಟ್ಟ. ಮೊಣಕಾಲಿನವರೆಗೆ ಬಂದದ್ದು ನೆನಪಿದೆ, ಅಷ್ಟೆ.

ಎಚ್ಚರಾದಾಗ ಮಗ್ಗುಲಾಗಿ ಗೋಣಿಗೆ ಮುಖ ಒತ್ತಿ ಮಲಗಿದ್ದ, ಬಿಸಿಲು ಗೋಡೆ ಹತ್ತಿತ್ತು. ಐದೂವರೆ! ಬರಿಗಾಲಲ್ಲೇ ಮನೆಯೊಳಗೆ ಓಡಿದ. ಸುಂದರಾಳ ಹಾಸಿಗೆ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆಯಾಗಿ ತಣ್ಣಗಾಗಿತ್ತು. ಗಂಟೆ ಅವಳ ಎಡಗೈಯಲ್ಲೇ ಇತ್ತು. ಅಲ್ಲಾಡಿ ಸದ್ದು ಮಾಡೀತೆಂದು ಅದರ ನಾಲಿಗೆಯನ್ನು ಎರಡು ಬೆರಳಿನಿಂದ ಒತ್ತಿಹಿಡಿದಿದ್ದಳು.

"ಯಾಕ ಬಾರಿಸ್ಲಿಲ್ಲ ಬೇ? ಎಷ್ಟೊತ್ತಿಂದ ಹಿಂಗ ಬಿದ್ದಿ?"

ಅವಳು ಒಂದೊಂದೇ ಶಬ್ದವನ್ನು ಕಷ್ಟಪಟ್ಟು ಹೊರಗೆ ತಂದಳು. "ಪೇಟಿ... ನಿಂತು. ನಿದ್ದಿ... ಹತ್ತೇತಿ... ಅಂದ್ನಿ."

ದಶರಥ ಬಿಸಿನೀರು ತಂದು ಅವಳನ್ನು ಒರೆಸಿದ, ಒಣಗಿದ ಸೀರೆ ಸುತ್ತಿದ, ಹಾಸಿಗೆ ಬದಲಿಸಿದ. ಕೈಗಳು ಅವಸರ ಮಾಡಲಿಲ್ಲ. "ನಿನ್ನೆ ಬಟ್ಲಾ ಒಗದ್ನಲ್ಲಾ..." ಎಂದು ಸುರು ಮಾಡಿದ. ಸುಂದರಾ ಎಡಗೈ ಎತ್ತಿ ಅವನ ಕೆನ್ನೆಯ ಮೇಲಿದ್ದ ಗೋಣಿಯ ಅಚ್ಚನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಅವನು ಅವಳ ಅಂಗೈಗೆ ಹಣೆ ಹಚ್ಚಿದ.

ಮರುದಿನ ಮೂರರ ಹೊತ್ತಿಗೆ ಅವನು ಪೇಟಿ ಬಾರಿಸಲು ಹೊರಡಲೋ ಬೇಡವೋ ಎಂದು ಅನುಮಾನಿಸುತ್ತ ಕೋಣೆಗೆ ಬಂದ. ಸುಂದರಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿಬಿಟ್ಟಿದ್ದಳು. ಬಗ್ಗಿ ನೋಡಿದ. ನಿಜವಾಗಿ ನಿದ್ದೆ ಹೋದವರು ಯಾರೂ ಅಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುವುದಿಲ್ಲ.