ಮೂರು ಪಂಪು, ಒಂದು ಕಾರ್ಡು

ಮೊದಲನೆಯ ಯಂತ್ರ ಹಸಿರು ದೀಪ ತೋರಿತು. ಎರಡನೆಯದು ಕ್ಷಣಕಾಲ ಯೋಚಿಸುವಂತೆ ನಟಿಸಿ, ಪರದೆಯ ಮೇಲೆ ಬೆಳಗಿನಿಂದ ಹಾಡುತ್ತಿದ್ದ ಪಲ್ಲವಿಯನ್ನೇ ಹಾಡಿತು: ‘ಕಾರ್ಡ್ ಸಿಗಲಿಲ್ಲ.’ ಮೂರನೆಯದೂ ಅದಕ್ಕೆ ದನಿಗೂಡಿಸಿತು. ನೀರು ಸರಬರಾಜಿನ ದೊಡ್ಡ ಎಂಜಿನಿಯರು ಗೋಡೆಯ ಗಡಿಯಾರದತ್ತ ನೋಡಿದರು. ಹನ್ನೊಂದೂಕಾಲು.

“ಹನ್ನೆರಡಾದ್ರೆ ಹೊಸ ಕಂಪನಿಯವರಿಗೆ ಫೋನ್ ಮಾಡಿಬಿಡ್ತೀನಿ. ಅವರು ಬಂದು ಎಲ್ಲಾ ಕಿತ್ತುಹಾಕಿ ಹೊಸದು ಕೂರಿಸೋಕೆ ಇಪ್ಪತ್ತು ದಿನ. ಅಲ್ಲೀವರೆಗೂ ಅರ್ಧ ಊರಿಗೆ ನೀರಿಲ್ಲ. ಬೈಸಿಕೊಳ್ಳೋನು ನಾನು.”

“ಆಗುತ್ತೆ ಸಾರ್,” ಎಂದಳು ಸೊಸೆ, ಪರದೆಯಿಂದ ಕಣ್ಣು ಕೀಳದೆ.

ಅವಳನ್ನು ಆ ಕಚೇರಿಯಲ್ಲಿ ಎಲ್ಲರೂ ಸೊಸೆಯೆಂದೇ ಗುರುತಿಸುತ್ತಿದ್ದರು. ಪಂಪುಗಳನ್ನು ನಡೆಸುವ ಪ್ರೋಗ್ರಾಮನ್ನು ಮೂವತ್ತು ವರ್ಷಗಳ ಹಿಂದೆ ಬರೆದವರು ಅವಳ ಮಾವ. ಈಗ ನಿವೃತ್ತರಾಗಿ, ಇಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಪಂಪಿಗೊಂದರಂತೆ ಮೂರು ಕಂಪ್ಯೂಟರು, ಪಂಪಿಗೂ ಕಂಪ್ಯೂಟರಿಗೂ ನಡುವೆ ಮಾತು ತಲುಪಿಸುವ ಮೂರು ಕಾರ್ಡು. ಮೊನ್ನೆಯ ಸಿಡಿಲಿಗೆ ಎರಡು ಕಾರ್ಡುಗಳು ಸುಟ್ಟು ಕರಕಲಾಗಿದ್ದವು. ಅಂಥ ಕಾರ್ಡನ್ನು ಮಾಡುವವರು ಈಗ ಯಾರೂ ಇಲ್ಲ. ಉಳಿದ ಒಂದರಲ್ಲಿ ಮೂರೂ ಪಂಪುಗಳ ತಂತಿ ಸಿಕ್ಕಿಸಲು ಜಾಗವೇನೋ ಇತ್ತು. ಆದರೆ ಮಾವನ ಪ್ರೋಗ್ರಾಮು ಏಕಪತ್ನೀವ್ರತಸ್ಥನಂತೆ, ಒಂದು ಕಾರ್ಡಿಗೆ ಒಂದೇ ಪಂಪನ್ನು ಬಲ್ಲದು. ಆದುದರಿಂದ ಸೊಸೆ ಹೊಸದೊಂದು ಕಂಪ್ಯೂಟರಿನ ಒಳಗೆ ಮೂರು ತೋರಿಕೆಯ ಕಂಪ್ಯೂಟರುಗಳನ್ನು, ಅಂದರೆ ಈ ಮೂರು ಯಂತ್ರಗಳನ್ನು ಹೂಡಿ, ಎಲ್ಲವನ್ನೂ ಆಳುವ ಕರ್ನೆಲ್ ಎಂಬ ಮೂಲ ಪ್ರೋಗ್ರಾಮಿಗೆ ಒಂದು ಹೊಸ ವಿದ್ಯೆ ಕಲಿಸಿದ್ದಳು: ಮೂರು ಕೊಡಗಳ ನೀರಿನಲ್ಲಿ ಒಬ್ಬನೇ ಚಂದ್ರ ಮೂವರಾಗಿ ಕಾಣುವಂತೆ, ಒಂದೇ ಕಾರ್ಡು ಮೂರಕ್ಕೂ ತನ್ನದೇ ಎಂದು ಕಾಣಬೇಕು. ಎರಡು ಕೊಡಗಳಲ್ಲಿ ಚಂದ್ರ ಮೂಡುತ್ತಿಲ್ಲ.

“ಮೊದಲನೇದಕ್ಕೆ ಸಿಕ್ತಾ ಇದೆ ಅಂದ್ರೆ...” ಎಂದು ಮಾವ ಆರಂಭಿಸಿದರು.

“ವಿಳಾಸ ತಪ್ಪಿರಬೇಕು ಮಾವ, ನೋಡ್ತಾ ಇದೀನಿ.”

ವಿಳಾಸ ಸರಿಯಾಗಿಯೇ ಇತ್ತು. ಮಾವನ ಮಾತಿನ ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಒಂದು ಲೋಟ ಕಾಫಿ ಆರಿಹೋಗುವಷ್ಟು ಅಂತರ. ಮದುವೆಯಾದ ಹೊಸತರಲ್ಲೇ ಅವಳು ಆ ಅಂತರವನ್ನು ತಾನೇ ತುಂಬುವುದನ್ನು ರೂಢಿ ಮಾಡಿಕೊಂಡಿದ್ದಳು. ಅವರು ಮತ್ತೊಮ್ಮೆ, “ಮಗಳೇ, ಆ ಉಳಿದೆರಡು...” ಎಂದರು. “ಅನುಮತಿ ಕೊಟ್ಟಿದೀನಿ ಮಾವ, ಅದಲ್ಲ,” ಎಂದಳು; ಬೆರಳುಗಳು ಓಡುತ್ತಲೇ ಇದ್ದವು. ಹನ್ನೊಂದೂ ಮೂವತ್ತೈದು. ಎಂಜಿನಿಯರು ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

ಮಾವ ತಮ್ಮ ಕನ್ನಡಕದ ಪೆಟ್ಟಿಗೆಯನ್ನು ಅವಳ ಕೀಲಿಮಣೆಯ ನಟ್ಟನಡುವೆ ಇಟ್ಟರು.

“ಈಗ ನಾನು ಮಾತು ಮುಗಿಸ್ತೀನಿ. ಮೊದಲನೇ ಯಂತ್ರ ಪಂಪಿನ ಸುದ್ದಿ ಕೇಳಿದಾಗ ನಿನ್ನ ಕರ್ನೆಲ್ಲಲ್ಲಿ ನೀನು ಏನು ಮಾಡ್ತೀಯ?”

“ಕಾರ್ಡಿನ ಹತ್ರ ಹೋಗಿ ಮೂರು ಪಂಪಿನ ಸುದ್ದೀನೂ ಒಂದೇ ಸಲ ತಂದಿಟ್ಕೋತೀನಿ. ಉಳಿದೆರಡು ಕೇಳಿದ ತಕ್ಷಣ ಕೈಯಿಂದಲೇ ಕೊಡ್ತೀನಿ. ಅಷ್ಟು ಚುರುಕಾಗಿ ಅಸಲಿ ಕಾರ್ಡೂ ಹೇಳಲ್ಲ.” ಆ ಏರ್ಪಾಡು ಅವಳ ಹೆಮ್ಮೆಯ ಕೂಸು.

“ಅದೇ ಕಣಮ್ಮ.” ಅವರು ನಿಲ್ಲಿಸಿದರು. ಅವಳು ತುಟಿ ಕಚ್ಚಿಕೊಂಡಳು. “ನನ್ನ ಪ್ರೋಗ್ರಾಮು ಪ್ರಶ್ನೆ ಕೇಳುತ್ತೆ. ಆಮೇಲೆ... ನಿಧಾನಕ್ಕೆ ತಿರುಗಿ ಕಿವಿ ಕೊಡುತ್ತೆ. ಆ ಕಾಲದ ಕಾರ್ಡು ಹಾಗಿತ್ತು, ಯೋಚನೆ ಮಾಡಿ ಹೇಳೋದು. ನೀನು ಅದು ಕಿವಿ ಕೊಡೋ ಮೊದಲೇ ಉತ್ತರ ಹೇಳಿ ಮುಗಿಸಿರ್ತೀಯ. ಅದು ಕೂತು ಕಾಯುತ್ತೆ, ಯಾರೂ ಮಾತಾಡಲ್ಲ. ಕಾರ್ಡೇ ಇಲ್ಲ ಅಂದ್ಕೊಳ್ಳುತ್ತೆ, ಪಾಪ.”

ಸೊಸೆಯ ಬೆನ್ನು ನೆಟ್ಟಗಾಯಿತು. ಅಸಲಿ ಕಾರ್ಡಿನ ತನಕ ಹೋಗಿಬಂದದ್ದಕ್ಕೆ ಮಾತ್ರ ಉತ್ತರ ಕೇಳಿಸಿತ್ತು; ಬಿಸಿಬಿಸಿಯಾಗಿ ಕೈಗೆ ಕೊಟ್ಟ ಎರಡಕ್ಕೂ ಕೇಳಿಸಿರಲಿಲ್ಲ. ಬೆಳಗಿನಿಂದ ಕಣ್ಣ ಮುಂದೆಯೇ ಕುಣಿಯುತ್ತಿದ್ದ ಸತ್ಯ. ಕನ್ನಡಕದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಕರ್ನೆಲ್ಲಿನಲ್ಲಿ ಒಂದೇ ಒಂದು ಸಾಲು ಸೇರಿಸಿದಳು: ಉತ್ತರ ಸಿದ್ಧವಿದ್ದರೂ ಎರಡು ಮಿಲಿಸೆಕೆಂಡು ತಡೆದು ಹೇಳು.

“ಹೊಸ ಕರ್ನೆಲ್ ಕಟ್ಟಿ ಮುಗಿಯೋಕೆ ಎಷ್ಟು ಹೊತ್ತು?” ಎಂದರು ಎಂಜಿನಿಯರು.

“ಹತ್ತು ನಿಮಿಷ.”

“ಈ ಮನೆಯವರ ಕೈಲಿ ಅವಸರದ ಕೆಲಸ ಕೊಟ್ಟಿದ್ದು ನನ್ನದೇ ತಪ್ಪು,” ಎಂದು ಅವರು ಫೋನನ್ನು ಕೈಗೆತ್ತಿಕೊಂಡು, ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತರು.

ಪರದೆಯ ಮೇಲೆ ಸಾಲುಗಳು ಹರಿದವು. ಮೂವರೂ ಅವನ್ನು ಮಂತ್ರಪಾಠ ಕೇಳುವವರಂತೆ ಅಲುಗದೆ ನೋಡಿದರು. ಹನ್ನೊಂದೂ ಐವತ್ತಮೂರಕ್ಕೆ ಕರ್ನೆಲ್ ಎದ್ದಿತು. ಒಂದನೆಯ ಯಂತ್ರ, ಹಸಿರು. ಎರಡನೆಯದು ಕೇಳಿತು, ತಿರುಗಿತು, ಕಿವಿ ಕೊಟ್ಟಿತು. ಹಸಿರು. ಮೂರನೆಯದರ ಹೊತ್ತಿಗೆ ಸೊಸೆ ಕುರ್ಚಿ ಬಿಟ್ಟು ನಿಂತಿದ್ದಳು. ಹಸಿರು. ಕೆಳಗಿನಿಂದ, ನೆಲದೊಳಗಿನಿಂದ, ಮೊದಲು ಒಂದು ಗುಡುಗುಡು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮೇಜಿನ ಮೇಲಿನ ಲೋಟಗಳು ನಡುಗಿದವು. ಗೋಡೆಯ ಮೇಲಿನ ಮೂರು ಒತ್ತಡಮಾಪಕಗಳ ಮುಳ್ಳುಗಳು ನಿದ್ದೆ ತಿಳಿದೆದ್ದವರಂತೆ ಒಂದೊಂದಾಗಿ ತಲೆಯೆತ್ತಿದವು.

ಎಂಜಿನಿಯರು ಫೋನನ್ನು ಜೇಬಿಗಿಳಿಸಿದರು. ಅವರ ಮುಖ ಮಗುವಿನದಾಗಿತ್ತು. “ಅಲ್ಲ, ಕೊನೇಲಿ ಅದೇನು ಸೇರಿಸಿದ್ರಿ ಸ್ವಲ್ಪ ಹೇಳಿ ನೋಡೋಣ.”

ಉತ್ತರ ಸೊಸೆಯ ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿ ಮಾವನ ಕಡೆ ತಿರುಗಿದಳು. ಕೈಕಟ್ಟಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತ ಕಾದಳು. ಇಪ್ಪತ್ತರವರೆಗೂ ಎಣಿಸಿದಳು. ಎಂಜಿನಿಯರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು.

“ಯಾಕಮ್ಮ ಸುಮ್ಮನಾದೆ?” ಎಂದರು ಮಾವ, ಕನ್ನಡಕ ಒರೆಸುತ್ತ. “ನೀನೇ ಹೇಳ್ತೀಯಲ್ಲ ಅಂತ ನಾನು ಆಗಿನಿಂದ ಕಾಯ್ತಾ ಇದೀನಿ.”