ಮೂರು ಬೆರಳಿನ ಗುರುತು

ದೇವರ ಕೋಣೆಯ ಚೌಕಟ್ಟಿನ ಮೇಲೆ ಮತ್ತೆ ಮೂರು ಬಿಳಿ ಗೆರೆಗಳು! ಭಾಗ್ಯಶ್ರೀ ಚಹಾದ ಕಪ್ಪು ಕೆಳಗಿಟ್ಟು ಹತ್ತಿರ ಹೋಗಿ ನೋಡಿದಳು. ನಿನ್ನೆಯಷ್ಟೇ ಕೆಲಸದ ರೆಹಮತ್‌ಬಿ ಒರೆಸಿ ಹೋಗಿದ್ದಳಲ್ಲ?

ಕ್ಲೀನಿಂಗ್ ಸರ್ವಿಸ್‌ಗೆ ಫೋನ್ ಹಚ್ಚಿದಳು. "ವಿದ್ಯಾನಗರದ ಮುರಿಗೆವ್ವ ಅವರ ಮನೀರಿ. ಇವತ್ತ ಮತ್ತ ರೆಹಮತ್‌ಬೀನ್ನ ಕಳಸ್ರಿ."

ಬುಕಿಂಗ್ ಯಾವಾಗಲೂ ಅತ್ತೆಯ ಹೆಸರಿನಲ್ಲೇ. ಮನೆ ಅವರದು. ಅವರನ್ನು ಕೇಳಿದ್ದಳೇ? ಇಲ್ಲ. ಕಣ್ಣು ಕಾಣದ ಮುದುಕಿಗೆ ಮನೆ ಹೊಲಸಾದರೇನು, ಥಳಥಳಿಸಿದರೇನು!

ಆ ಚೌಕಟ್ಟಿಗೆ ಬೆರಳು ಒರೆಸುತ್ತಿದ್ದವರು ಮಾವ ಶಾಂತಯ್ಯ. ಹತ್ತಿ ಗಿರಣಿಯ ಯಂತ್ರಕ್ಕೆ ಬಲಗೈಯ ನಡುಬೆರಳು ಕೊಟ್ಟು, ಮರುವಾರವೇ ಕೆಲಸಕ್ಕೆ ಹೋದ ಗಟ್ಟಿ ಆಸಾಮಿ. ದಿನವೂ ಸ್ನಾನ, ಪೂಜೆ, ಹಣೆಗೆ ವಿಭೂತಿ. ಕೈಯಲ್ಲಿ ಉಳಿದದ್ದು ಚೌಕಟ್ಟಿಗೆ. ಮಗ ಗುರುಪಾದನಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. "ನಾ ಸಾಯೂದರಾಗ ಒಮ್ಮೆರ ವಿಭೂತಿ ಹಚ್ಚೋ" ಎಂದು ಅಪ್ಪ ಗೋಗರೆದರೂ ಕೇಳದೆ, ಜಗಳಾಡಿ ಬೇರೆ ಮನೆ ಮಾಡಿದ್ದ.

ಅಪ್ಪ ತೀರಿಕೊಂಡ ಮೇಲೆ ಅವ್ವನ ಸಲುವಾಗಿ ಗಂಡ ಹೆಂಡತಿ ಇಲ್ಲಿಗೆ ಬಂದರು. ಬಂದವಳೇ ಭಾಗ್ಯಶ್ರೀ ಮನೆ ತೊಳೆಸಿದಳು. ವರ್ಷಗಟ್ಟಲೆ ಕೂತ ವಿಭೂತಿಯ ಕಲೆಯೂ ಹೋಯಿತು. ಈ ಕಾಟ ಶುರುವಾದದ್ದು ಅದರ ನಂತರ.

ರೆಹಮತ್‌ಬಿ ಬಂದು ಗೆರೆ ಮುಟ್ಟಿ ನೋಡಿದಳು. "ಅಕ್ಕಾರ, ನಿನ್ನೆ ನಾ ಒರಿಸಿದ್ದು ಖರೇರಿ. ಇದು ಇನ್ನೂ ಹಸೀ ಐತಿ."

ಹೆದರಿದವಳ ಮೇಲೆ ಹಾವು ಎಸೆದ ಹಾಗಾಯಿತು.

"ನಾಳೆ ಮತ್ತ ಗೆರಿ ಕಂಡ್ವು ಅಂದ್ರ ನಾ ತವರಿಗೆ ಹೊಂಟೇರಿ," ಆ ಸಂಜೆ ಗಂಡನಿಗೆ ಹೇಳಿಬಿಟ್ಟಳು. "ಮಾವಾರಿಗೆ ನಾವು ಇಲ್ಲಿರೋದು ಬ್ಯಾಡಾಗೇತಿ. ನೀವೂ ಬರ್ರಿ."

"ಅವ್ವನ್ನ ಬಿಟ್ಟು ಎಲ್ಲಿಗೆ ಬರ್ಲಿ?" ಗುರುಪಾದ ಮುಖ ತಿರುಗಿಸಿದ.

ನಸುಕಿನಲ್ಲಿ ಬಚ್ಚಲಿನಿಂದ ನೀರಿನ ಸಪ್ಪಳ. ಭಾಗ್ಯಶ್ರೀ ಎದ್ದು ಮಲಗುವ ಕೋಣೆಯ ಬಾಗಿಲ ಸಂದಿಯಿಂದ ಇಣುಕಿದಳು. ದೇವರ ಕೋಣೆಯ ಮುಂದೆ ಒದ್ದೆ ಮೈ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಮಾವನದೇ ಬಾಗಿದ ಭುಜ! ಆ ಕೈ ಮೆಲ್ಲಗೆ ಚೌಕಟ್ಟಿಗೆ ಬೆರಳು ಒರೆಸಿತು.

ಅವಳು ದೀಪ ಹಾಕಿದಳು.

"ಒದರಬ್ಯಾಡ, ಭಾಗ್ಯಾ," ಎಂದ ಗುರುಪಾದ. "ಅವ್ವ ದಿನಾ ಮುಂಜಾನೆ ಅಪ್ಪನ ಗುರುತು ಮುಟ್ಟಿ ಹಣಿಗೆ ಹಚ್ಕೊತಿದ್ಲು. ನೀ ತೊಳಿಸಿದ ಮರುದಿನ ಇಲ್ಲೆ ತಡಕಾಡಿ ತಡಕಾಡಿ ಅತ್ಲು. ನನಗ ನೋಡಾಕ ಆಗ್ಲಿಲ್ಲ. ಈಗ ಅಪ್ಪ ಬಂದು ಹೋಗ್ತಾನಂತ ತಿಳ್ಕೊಂಡಾಳ. ತಿಳ್ಕೊಳ್ಳಿ ಬಿಡು."

ಭಾಗ್ಯಶ್ರೀಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. ತವರಿನ ಮಾತು ಅಲ್ಲಿಗೇ ನಿಂತಿತು.

ಗಂಡ ಕೆಲಸಕ್ಕೆ ಹೋದ ಮೇಲೆ ನೋಡಿದರೆ, ಅತ್ತೆ ಚೌಕಟ್ಟಿನ ಗೆರೆಗಳ ಮೇಲೆ ಬೆರಳಾಡಿಸುತ್ತಾ ನಿಂತಿದ್ದರು. ಅವರ ಕೈ ಹಿಡಿದುಕೊಂಡಳು. "ಅತ್ತಿ, ನಿಮ್ಮನ್ನ ಕೇಳದನ ಮಾವಾರ ಗುರುತು ತೊಳಿಸಿಬಿಟ್ಟೇರಿ. ತಪ್ಪಾತು."

"ಇರ್ಲಿ ಬಿಡ ಯವ್ವಾ. ನಿಮ್ಮ ಮಾವಂದು ಎರಡ ಗೆರಿ ಇದ್ವು," ಮುರಿಗೆವ್ವ ನಡುವಿನ ಗೆರೆಯ ಮೇಲೆ ಬೆರಳು ನಿಲ್ಲಿಸಿ ನಕ್ಕರು. "ನನಗ ಗೊತ್ತಾಗೇತಿ ಅಂತ ಗುರುಪಾದಗ ಹೇಳಬ್ಯಾಡ. ವಿಭೂತಿ ಹಚ್ಚೋದು ಬಿಟ್ಟಾನು."